ದೇವರಿಗೆ ಕೊಟ್ಟ ಸಮಯ ಯಾರದು?

ನನ್ನ ಹೊಟ್ಟೆ ತುಂಬಿಸುವುದು ಸ್ಟಾಪ್‌ವಾಚು. ಪುಣೆಯ ಹೊರವಲಯದ ಚಾಕಣದಲ್ಲಿ ವಾಹನದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಇಂಡಸ್ಟ್ರಿಯಲ್ ಎಂಜಿನಿಯರ್. ಒಂದು ಕೆಲಸಕ್ಕೆ ಎಷ್ಟು ಸೆಕೆಂಡು ಹಿಡಿಯುತ್ತದೆ, ಅದರಲ್ಲಿ ನಿಜವಾದ ಕೆಲಸ ಎಷ್ಟು, ಬರೀ ಓಡಾಟ ಎಷ್ಟು ಎಂದು ಅಳೆಯುತ್ತಾ 22 ವರ್ಷ ಕಳೆದಿದ್ದೇನೆ. ಹಾಗಾಗಿ ಯಾರಾದರೂ ‘ಈ ಧಾವಂತದಾಗ ದೇವರಿಗೆ ಟೈಮ್ ಎಲ್ಲಿಂದ ತರೋದ್ರೀ’ ಎಂದು ಗೋಳಾಡಿದಾಗ ನನ್ನೊಳಗೊಂದು ಸಣ್ಣ ಜಂಬ ಎದ್ದು ಕೂರುತ್ತಿತ್ತು. ನನಗೆ ಸಿಗುತ್ತಿತ್ತಲ್ಲ!

ಬೆಳಿಗ್ಗೆ 5.50ಕ್ಕೆ ಮಡಿ ಉಟ್ಟು ದೇವರ ಮುಂದೆ ಕೂತರೆ 6.30ಕ್ಕೆ ಮಂಗಳಾರತಿ. 6.55ಕ್ಕೆ ವಾರ್ಜೆ ಸೇತುವೆ ಹತ್ತಿರ ಕಂಪನಿ ಬಸ್ಸು. ಸಂಧ್ಯಾವಂದನೆ, ಸಾಲಿಗ್ರಾಮಕ್ಕೆ ಅಭಿಷೇಕ, ಗಂಧ, ತುಳಸಿ, ನೈವೇದ್ಯ, ಆರತಿ, ಎಲ್ಲ ಸೇರಿ 40 ನಿಮಿಷ. ಧಾರವಾಡದ ಮಾಳಮಡ್ಡಿಯಲ್ಲಿ ಅಪ್ಪ ಮಾಡುತ್ತಿದ್ದ ಪೂಜೆಯನ್ನು ಏನೂ ಬಿಡದೆ ಪುಣೆಯ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ತಂದಿದ್ದೇನೆ ಎಂಬ ಹೆಮ್ಮೆ ನನಗೆ. ಇಲ್ಲಿನ ಕನ್ನಡ ಗೆಳೆಯರ ಕೂಟವೊಂದರಲ್ಲಿ ಇದರ ಬಗ್ಗೆ ಭಾಷಣವನ್ನೂ ಬಿಗಿದಿದ್ದೆ. ಮೊಬೈಲು ಬದಿಗಿಡಿ, ಅರ್ಧ ಗಂಟೆ ಬೇಗ ಏಳಿ, ಮನಸ್ಸಿದ್ದರೆ ಎಲ್ಲಕ್ಕೂ ಸಮಯವಿದೆ ಇತ್ಯಾದಿ. ಚಪ್ಪಾಳೆ ಬಿದ್ದಿತ್ತು. ಹೆಂಡತಿ ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದಳು. ಮನೆಗೆ ಬರುವಾಗ ದಾರಿಯಲ್ಲಿ ಏನೂ ಅನ್ನಲಿಲ್ಲ. ಹೂವು ಕೊಳ್ಳಬೇಕು, ಗಾಡಿ ನಿಲ್ಲಿಸಿ ಎಂದಳು, ಅಷ್ಟೇ.

ಅವಳು ಸರ್ಕಾರಿ ಬ್ಯಾಂಕೊಂದರಲ್ಲಿ ಅಧಿಕಾರಿ. ಹೋದ ವರ್ಷ ಜೂನ್‌ನಲ್ಲಿ ಬಡ್ತಿ ಬಂತು, ಅದರ ಬೆನ್ನಿಗೇ ಸೊಲ್ಲಾಪುರಕ್ಕೆ ವರ್ಗ. ಮಗಳು ಆಗಷ್ಟೇ ಹನ್ನೊಂದನೇ ತರಗತಿಗೆ ಕಾಲಿಟ್ಟಿದ್ದಳು, ಊರು ಬಿಡಿಸುವ ಹಾಗಿರಲಿಲ್ಲ. ಎರಡು ವರ್ಷ ಹೇಗೋ ದೂಡೋಣ ಎಂದು ತೀರ್ಮಾನಿಸಿದೆವು. ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆಯಲ್ಲವೇ, ಆಗ ಬೆಳಗಿನ ಹುತಾತ್ಮ ಎಕ್ಸ್‌ಪ್ರೆಸ್ಸಿಗೆ ಅವಳು ಬರುವುದು, ಭಾನುವಾರ ಸಂಜೆ ಅದೇ ಗಾಡಿಗೆ ಮರಳುವುದು.

ಅವಳು ಹೋದ ಮೊದಲ ಸೋಮವಾರ ಎಂದಿನಂತೆ 5.50ಕ್ಕೆ ಕೂತೆ. ತಾಮ್ರದ ತಂಬಿಗೆಯಲ್ಲಿ ನಿನ್ನೆಯ ನೀರು. ದೇವರ ಮೇಲೆ ನಿನ್ನೆಯ ಹೂವು. ಹೂಬತ್ತಿಯ ಡಬ್ಬಿ ಖಾಲಿ. ತುಪ್ಪದ ಬಟ್ಟಲಿನ ತಳದಲ್ಲಿ ಅರ್ಧ ಚಮಚ. ಇಂದಿನ ಹೂವಿಗೆಂದು ಫ್ರಿಜ್ ತೆರೆದರೆ ಅಲ್ಲಿ ಹೂವಿರಲಿಲ್ಲ. ಇರುವುದು ಹೇಗೆ? ಪ್ರತಿ ಸಂಜೆ ಬ್ಯಾಂಕಿನಿಂದ ಬರುವಾಗ ಮೂಲೆಯ ಹೂವಿನವಳ ಮುಂದೆ ನಿಂತು ತರುತ್ತಿದ್ದವಳು ಸೊಲ್ಲಾಪುರದಲ್ಲಿದ್ದಳು. ಫ್ರಿಜ್ಜಿನಲ್ಲಿ ಹೂವು ತಾನಾಗಿಯೇ ಇರುತ್ತದೆ ಎಂದು ಹದಿನೆಂಟು ವರ್ಷ ನಾನು ತಿಳಿದಿದ್ದೆನೇನೋ. ಅವಸರದಲ್ಲಿ ಅನ್ನಕ್ಕಿಟ್ಟೆ, ಸಮೆ ತಿಕ್ಕಿದೆ, ನೆಲ ಒರೆಸಿದೆ, ಹತ್ತಿ ಹುಡುಕಿ ಬತ್ತಿ ಹೊಸೆದೆ. ಅದು ಬತ್ತಿಯ ಆಕಾರಕ್ಕೇ ಬರಲಿಲ್ಲ. ಆರತಿ ಎತ್ತಿದಾಗ 7.40. ಬಸ್ಸು ಹೋಗಿ ಮುಕ್ಕಾಲು ಗಂಟೆಯಾಗಿತ್ತು. ಚಾಕಣದವರೆಗೆ ಟ್ಯಾಕ್ಸಿ ಹಿಡಿದು, ನಾಶಿಕ ಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು, ಅಲ್ಲಿಂದಲೇ ಹೆಂಡತಿಗೆ ಫೋನು ಹಚ್ಚಿ ಸಿಟ್ಟು ತೀರಿಸಿಕೊಂಡೆ. ಯಾವುದು ಎಲ್ಲಿದೆ, ಏನೇನು ಮಾಡಬೇಕು ಎಂದು ಒಂದು ಚೀಟಿ ಬರೆದಿಟ್ಟು ಹೋಗಬಾರದಿತ್ತೇ?

‘ಬರದಿಡಬೇಕಂದ್ರ ಅದು ಚೀಟಿ ಆಗೂದಿಲ್ಲರಿ, ಪುಸ್ತಕ ಆಗ್ತದ’ ಅಂದಳು.

ಮೂರನೇ ವಾರ ನನಗೆ ಗೊತ್ತಿರುವ ಒಂದೇ ವಿದ್ಯೆಯನ್ನು ಪ್ರಯೋಗಿಸಿದೆ. ಸ್ಟಾಪ್‌ವಾಚು ತೆಗೆದು ಪೂಜೆಯನ್ನೇ ಅಳೆದೆ. ನನ್ನ 40 ನಿಮಿಷವನ್ನಲ್ಲ, ಅದರ ಹಿಂದು ಮುಂದನ್ನು. ಹೂವು ತರಲು 12 ನಿಮಿಷ. ಸಮೆ, ಆರತಿ ತಟ್ಟೆ, ತಂಬಿಗೆ, ಪಂಚಪಾತ್ರೆ ತಿಕ್ಕಲು 11. ಬತ್ತಿ, ತುಪ್ಪಕ್ಕೆ 5. ಗಂಧ ತೇಯಲು 4. ದೇವರ ಮುಂದೆ ನೆಲ ಒರೆಸಿ ರಂಗೋಲಿ ಇಡಲು 9, ಅದೂ ನನ್ನ ರಂಗೋಲಿ, ಸ್ಕೇಲಿನಲ್ಲಿ ಎಳೆದ ಹಾಗಿರುತ್ತದೆ. ಮಡಿ ಪಂಚೆ ಒಗೆದು ಹರವಲು 6. ಅನ್ನ, ತೊವ್ವೆ, ಒಂದು ಪಲ್ಯದ ನೈವೇದ್ಯಕ್ಕೆ 38. ಎಲ್ಲ ಮುಗಿದ ಮೇಲೆ ನಿರ್ಮಾಲ್ಯ ತೆಗೆದು ಪಾತ್ರೆ ಎತ್ತಿಡಲು 7. ಒಟ್ಟು 92 ನಿಮಿಷ. ಆ ಅಡುಗೆಯೇ ಮಧ್ಯಾಹ್ನದ ಡಬ್ಬಿಗೂ ಹೋಗುತ್ತದೆ ಎಂದು ನೈವೇದ್ಯದ ಅರ್ಧ ಕಳೆದರೂ 73. ಅಂದರೆ ನಾನು ದೇವರಿಗೆ ಕೊಟ್ಟ ಒಂದು ನಿಮಿಷದ ಹಿಂದೆ ಹತ್ತಿರ ಹತ್ತಿರ ಎರಡು ನಿಮಿಷ ಬೇರೆಯವರದು. ಅವಳ ಮೊಬೈಲಿನ ಅಲಾರಂ 4.40ಕ್ಕೆ ಏಕೆ ಇತ್ತು ಎಂಬುದು ಅಂದು ತಿಳಿಯಿತು. ಅಲಾರಂ ಸದ್ದು ದಿನಾ ನನ್ನ ಕಿವಿಗೂ ಬೀಳುತ್ತಿತ್ತು. ಮಗ್ಗುಲು ಬದಲಿಸಿ ಮಲಗುತ್ತಿದ್ದೆ, ನನ್ನದು 5.20ಕ್ಕಲ್ಲವೇ.

ನಮ್ಮ ಕಸುಬಿನಲ್ಲಿ ಇದಕ್ಕೆ ಹೆಸರಿದೆ, ಸೆಟಪ್ ಟೈಮ್. ಪ್ರೆಸ್ ಯಂತ್ರ ಒಂದು ತುಂಡನ್ನು ಕೆಲವೇ ಸೆಕೆಂಡಿನಲ್ಲಿ ಒತ್ತಿ ಬಿಸಾಡುತ್ತದೆ. ಆದರೆ ಅದಕ್ಕೆ ಡೈ ಕೂರಿಸಬೇಕು, ತಗಡು ತಂದಿಡಬೇಕು, ಎಣ್ಣೆ ಹಾಕಬೇಕು. ಜಪಾನಿನ ಶಿಗೆಯೊ ಶಿಂಗೊ ಎಂಬ ಎಂಜಿನಿಯರ್ ಈ ಸಿದ್ಧತೆಯನ್ನು ಎರಡು ಪಾಲು ಮಾಡಿದ: ಯಂತ್ರ ನಿಲ್ಲಿಸಿಯೇ ಮಾಡಬೇಕಾದದ್ದು, ಯಂತ್ರ ಓಡುತ್ತಿರುವಾಗಲೇ ಪಕ್ಕದಲ್ಲಿ ಮಾಡಿಡಬಹುದಾದದ್ದು. ಆದಷ್ಟನ್ನೂ ಹೊರಗೆ ಸಾಗಿಸಿ, ಯಂತ್ರ ನಿಲ್ಲದ ಹಾಗೆ ನೋಡಿಕೊಳ್ಳಿ ಎಂಬುದು ಅವನ ಪಾಠ. ಹೊಸ ಹುಡುಗರಿಗೆ ಇದನ್ನು ವರ್ಷಕ್ಕೆರಡು ಸಲ ನಾನೇ ಕಲಿಸುತ್ತೇನೆ. ಕಲಿಸುವಾಗ ಒಂದು ಮಾತು ಮರೆಯದೆ ಹೇಳುತ್ತೇನೆ: ಹೊರಗೆ ಸಾಗಿಸಿದ ಕೆಲಸ ಮಾಯವಾಗಿಲ್ಲ, ಇನ್ನೊಬ್ಬನ ಕೈಗೆ ಹೋಗಿದೆ, ಅವನನ್ನೂ ಲೆಕ್ಕಕ್ಕೆ ಹಿಡಿಯಿರಿ. ನನ್ನ ಮನೆಯಲ್ಲಿ 5.50ಕ್ಕೆ ನಾನು ಕೂರುವಷ್ಟರಲ್ಲಿ ಎಲ್ಲವೂ ಕೈಗೆಟಕುವ ದೂರದಲ್ಲಿರುತ್ತಿತ್ತು. ಶಿಂಗೊ ನೋಡಿದ್ದರೆ ಬೆನ್ನು ತಟ್ಟುತ್ತಿದ್ದ. ಲೆಕ್ಕಕ್ಕೆ ಹಿಡಿಯುವ ಮಾತು ಮಾತ್ರ ನನಗೆ ನೆನಪಾಗಿರಲಿಲ್ಲ. ನಮ್ಮ ವಿದ್ಯೆಯ ಹಿರಿಯಳೊಬ್ಬಳಿದ್ದಾಳೆ, ಅಮೆರಿಕದ ಲಿಲಿಯನ್ ಗಿಲ್‌ಬ್ರೆತ್, ಹನ್ನೆರಡು ಮಕ್ಕಳ ತಾಯಿ. ಕಾರ್ಖಾನೆಯ ಅಳತೆಗೋಲನ್ನು ಅಡುಗೆಮನೆಗೆ ತಂದವಳು. ಕಾಲೇಜಿನಲ್ಲಿ ಆಕೆಯ ಬಗ್ಗೆ ಟಿಪ್ಪಣಿ ಬರೆದು ಅಂಕ ಗಿಟ್ಟಿಸಿದ್ದೆ. ಆ ಅಳತೆಗೋಲು ನನ್ನ ಅಡುಗೆಮನೆಯ ಹೊಸ್ತಿಲು ದಾಟಲು ಬ್ಯಾಂಕಿನವರು ವರ್ಗದ ಆದೇಶ ಕಳಿಸಬೇಕಾಯಿತು.

ಇದು ನನ್ನೊಬ್ಬನ ಮನೆಯ ಕಥೆಯಲ್ಲ. ಸರ್ಕಾರವೇ ಸಮಯ ಬಳಕೆಯ ಸಮೀಕ್ಷೆ ಮಾಡಿಸುತ್ತದೆ. ಬೆಳಗಿನ ನಾಲ್ಕರಿಂದ ಮರುದಿನ ಬೆಳಗಿನ ನಾಲ್ಕರವರೆಗಿನ ದಿನವನ್ನು ಅರ್ಧರ್ಧ ಗಂಟೆಯ ಗೂಡುಗಳಾಗಿ ಮಾಡಿ, ಯಾವ ಗೂಡಿನಲ್ಲಿ ಏನು ಮಾಡಿದಿರಿ ಎಂದು ಕೇಳುತ್ತಾರೆ. 2019ರ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಟ್ಟಿದ್ದರು. 2024ರಲ್ಲಿ ಅದು 289 ಮತ್ತು 88. ಹೆಂಗಸರ ಪಾಲು ಹತ್ತು ನಿಮಿಷ ಇಳಿಯಿತೆಂದು ಸಂತೋಷಪಡುವಷ್ಟರಲ್ಲಿ ಗಂಡಸರೂ ಒಂಬತ್ತು ನಿಮಿಷ ಇಳಿಸಿಕೊಂಡಿದ್ದಾರೆ! ಧಾರ್ಮಿಕ ಆಚರಣೆಗೆ ಆ ಪಟ್ಟಿಯಲ್ಲಿ ಬೇರೆಯೇ ವರ್ಗವಿದೆ. ಸಮೀಕ್ಷೆಯವರು ನಮ್ಮ ಮನೆಗೆ ಬಂದಿದ್ದರೆ ನಾನು ನನ್ನ 40 ನಿಮಿಷವನ್ನು ಅಲ್ಲಿ ಧೈರ್ಯವಾಗಿ ಬರೆಸುತ್ತಿದ್ದೆ. ಅವಳು ಹುಣಸೆಹಣ್ಣು ಹಚ್ಚಿ ಸಮೆ ತಿಕ್ಕಿದ್ದನ್ನು ಎಲ್ಲಿ ಬರೆಸುತ್ತಿದ್ದಳು? ಪಾತ್ರೆ ತೊಳೆದೆ ಎಂದೇ ಹೇಳುತ್ತಿದ್ದಳು. ಒಂದೇ ಪೂಜೆ, ಒಬ್ಬರ ಖಾತೆಯಲ್ಲಿ ಭಕ್ತಿ, ಇನ್ನೊಬ್ಬರ ಖಾತೆಯಲ್ಲಿ ಮುಸುರೆ.

ಅವ್ವ ಧಾರವಾಡದಲ್ಲಿ ಅಣ್ಣನ ಮನೆಯಲ್ಲಿದ್ದಾಳೆ, 78 ವರ್ಷ. ಒಂದು ಸಂಜೆ ಫೋನಿನಲ್ಲಿ ಕೇಳಿದೆ.

‘ಅವ್ವಾ, ಅಪ್ಪ ಪೂಜಾ ಮಾಡೋವಾಗ ನೀ ಎಲ್ಲಿರ್ತಿದ್ದಿ?’

‘ಎಲ್ಲಿರ್ತಿದ್ನೋ, ಒಲಿ ಮುಂದ.’

‘ಮತ್ತ ನಿನಗ ದೇವರ ಮುಂದ ಕೂಡ್ಲಿಕ್ಕೆ ಟೈಮ್ ಯಾವಾಗ ಸಿಗ್ತಿತ್ತು?’

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಏಕಾದಶಿ ದಿನ ಸಿಗ್ತಿತ್ತು ನೋಡು. ಅವತ್ತ ಒಲಿ ಹಚ್ಚತಿದ್ದಿಲ್ಲಲಾ.’

ಫೋನಿಟ್ಟ ಮೇಲೂ ಆ ಮಾತು ಬಿಡಲಿಲ್ಲ. ನಮ್ಮ ಮನೆಯಲ್ಲಿ ಏಕಾದಶಿಯೆಂದರೆ ದೊಡ್ಡವರಿಗೆ ಪೂರ್ತಿ ಉಪವಾಸ. ಮಕ್ಕಳಿಗೆ ಹಣ್ಣು, ಹಾಲು, ಅವಲಕ್ಕಿ. ಒಲೆಗೆ ರಜೆ. ಮಧ್ಯಾಹ್ನ ಮೂರಕ್ಕೆ ಓಣಿಯ ಹೆಂಗಸರೆಲ್ಲ ಸೇರಿ ರಾಯರ ಮಠಕ್ಕೆ ಹೋಗುತ್ತಿದ್ದರು. ಭಜನೆ, ಆಮೇಲೆ ಪುರಾಣ. ಅವ್ವನ ಸೆರಗು ಹಿಡಿದು ನಾನೂ ಹೋಗುತ್ತಿದ್ದೆ. ತಾಳ ಹಿಡಿದು ಕೂತ ಅವಳ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ, ಮನೆಯಲ್ಲಿ ನೋಡಿದ ಮುಖವೇ ಅಲ್ಲ ಅದು. ನೀರೂ ಕುಡಿಯದ ದಿನ ಇವರಿಗೆ ಇಷ್ಟು ಹುರುಪು ಎಲ್ಲಿಂದ ಬರುತ್ತದೆ ಎಂದು ಆಗ ಆಶ್ಚರ್ಯಪಡುತ್ತಿದ್ದೆ. ಉಪವಾಸದ ಮಹಿಮೆ ಎಂದು ದೊಡ್ಡವರು ಹೇಳುತ್ತಿದ್ದರು. ಹೊಟ್ಟೆಗೆ ಏನೂ ಇಲ್ಲದ್ದರಿಂದ ಬಂದ ಹುರುಪಲ್ಲ ಅದು, ಯಾರ ಹೊಟ್ಟೆಗೂ ಏನೂ ಬೇಯಿಸಬೇಕಿಲ್ಲದ್ದರಿಂದ ಬಂದದ್ದು. ಹದಿನೈದು ದಿನಕ್ಕೊಮ್ಮೆ ಸಿಗುವ ಈ ಬಿಡುವನ್ನೂ ಮರುದಿನದ ದ್ವಾದಶಿ ಬಡ್ಡಿ ಸಮೇತ ವಸೂಲು ಮಾಡುತ್ತಿತ್ತು. ಪಾರಣೆಗೆ ಬೆಳ್ಳಂಬೆಳಿಗ್ಗೆಯೇ ಎಲೆ ಹಾಕಬೇಕು. ಸಾಧನ ದ್ವಾದಶಿಯಾದರಂತೂ ಇನ್ನೂ ಬೇಗ. ಅವ್ವ ಮೂರಕ್ಕೆಲ್ಲ ಎದ್ದಿರುತ್ತಿದ್ದಳು. ಹಿಂದಿನ ದಿನದಿಂದ ಹಸಿದಿದ್ದವಳು ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುತ್ತಿದ್ದಳು.

ಇಷ್ಟು ಹೇಳಿದ ಮೇಲೆ ಅವ್ವನೇ ಇನ್ನೊಂದು ಮಾತೂ ಅಂದಿದ್ದಳು ಎಂಬುದನ್ನು ಮುಚ್ಚಿಡಬಾರದು. ‘ಅಡಗಿ ಮಾಡೂದೂ ಪೂಜಾನ ಅಲ್ಲೇನೋ’ ಎಂದು. ಹೌದು, ಅವಳಿಗೆ ಅದು ಪೂಜೆಯೇ ಆಗಿತ್ತು. ಹೂ ಕಟ್ಟುವಾಗ, ಬತ್ತಿ ಹೊಸೆಯುವಾಗ ಅವಳ ಬಾಯಲ್ಲಿ ದೇವರನಾಮ ಇರುತ್ತಿತ್ತು. ಅದನ್ನು ಕೀಳು ಮಾಡುವ ಅಧಿಕಾರ ನನಗಿಲ್ಲ. ಆದರೆ ಹೂ ಕಟ್ಟುವುದೂ ಪೂಜೆ ಎಂದು ಕಟ್ಟುವವರು ಹೇಳುವುದು ಒಂದು, ಕಟ್ಟಿದ ಹೂವನ್ನು ಏರಿಸುವವನು ಹೇಳುವುದು ಇನ್ನೊಂದು. ಮೊದಲನೆಯದು ಭಕ್ತಿ. ಎರಡನೆಯದರಲ್ಲಿ ಅನುಕೂಲದ ವಾಸನೆ ಹೊಡೆಯುತ್ತದೆ. ಸಮೆ ತಿಕ್ಕುವುದು ಅಷ್ಟು ದೊಡ್ಡ ಪೂಜೆಯಾಗಿದ್ದರೆ ಹದಿನೆಂಟು ವರ್ಷದಲ್ಲಿ ಒಂದು ದಿನವಾದರೂ ನನಗೇಕೆ ಅದರ ಆಸೆಯಾಗಲಿಲ್ಲ? ಅವ್ವನ ಕಾಲಕ್ಕೂ ಹೆಂಡತಿಯ ಕಾಲಕ್ಕೂ ಇನ್ನೊಂದು ವ್ಯತ್ಯಾಸವಿದೆ. ಅವ್ವನಿಗೆ ಹತ್ತು ಗಂಟೆಗೆ ಬ್ಯಾಂಕಿನ ಕೌಂಟರ್ ತೆರೆಯಬೇಕಿರಲಿಲ್ಲ. ಗೆಳೆಯನೊಬ್ಬ ಶಾಸ್ತ್ರ ತೆಗೆದ: ಗಂಡನ ಪುಣ್ಯದಲ್ಲಿ ಹೆಂಡತಿಗೆ ಅರ್ಧ ಪಾಲು ತಾನಾಗಿಯೇ ಬರುತ್ತದಪ್ಪಾ ಎಂದು. ಇರಬಹುದು. ಆದರೆ ಆ ಪಾಲು ಅವಳಿಗೆ ಸಂದಿದೆಯೋ ಇಲ್ಲವೋ ಎಂದು ಅವಳನ್ನು ನಾನೂ ಕೇಳಿಲ್ಲ, ಅವನೂ ತನ್ನ ಹೆಂಡತಿಯನ್ನು ಕೇಳಿಲ್ಲ. ಸಾಲಿಗ್ರಾಮದ ತಟ್ಟೆಯನ್ನು ತೊಳೆಯುವ ಕೈ ಸಾಲಿಗ್ರಾಮವನ್ನು ಮುಟ್ಟಕೂಡದು ಎಂಬ ನಮ್ಮ ಮನೆತನದ ಪದ್ಧತಿಯ ಬಗ್ಗೆ ನನಗೀಗ ಪ್ರಶ್ನೆಗಳಿವೆ. ಅದನ್ನು ಇನ್ನೊಮ್ಮೆ ಬರೆದೇನು.

ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳ ಮುಂದೆ ಈ ಲೆಕ್ಕ ಇಟ್ಟೆ. ಕಲಬುರಗಿ ಕಡೆಯ ಮುಸ್ಲಿಂ ಗೆಳೆಯ ನಕ್ಕ. ರಂಜಾನಿನಲ್ಲಿ ಸಹರಿಗೆ ತಾನು ಎದ್ದಾಗ ಚಪಾತಿ ತಟ್ಟೆಯಲ್ಲಿರುತ್ತದೆ, ಹೆಂಡತಿ ಎಷ್ಟಕ್ಕೆ ಏಳುತ್ತಾಳೆಂದು ಗೊತ್ತಿಲ್ಲ ಎಂದ. ಬಾಗಲಕೋಟೆಯ ಲಿಂಗಾಯತ ಹುಡುಗ, ‘ನಮ್ಮದೇನ್ರೀ ಸರ, ಇಷ್ಟಲಿಂಗ, ಅಂಗೈ ಮ್ಯಾಲ ಮುಗೀತದ’ ಎಂದು ಬೀಗಿದ. ಎರಡು ದಿನ ಬಿಟ್ಟು ಬಂದು, ವಿಭೂತಿ, ಪತ್ರಿ, ನೀರು ತಟ್ಟೆಯಲ್ಲಿ ಜೋಡಿಸಿಡುವುದು ತಾನಲ್ಲ ಎಂದು ಒಪ್ಪಿಕೊಂಡ.

ಹೆಂಡತಿಯ ವಿಚಾರದಲ್ಲಾದರೂ ನಾಚಿಕೆಪಡುವಷ್ಟು ಬುದ್ಧಿ ಬಂತು. ಹೇಳಲು ಇದಕ್ಕಿಂತ ಕಷ್ಟವಾದದ್ದು ಇನ್ನೊಂದಿದೆ. ನಮ್ಮ ಮನೆಗೆ ಕೆಲಸಕ್ಕೆ ಬರುವ ಮಾವಶಿಯದು. ಪುಣೆಯಲ್ಲಿ ಮನೆಗೆಲಸದವರನ್ನು ಹಾಗೆಯೇ ಕರೆಯುತ್ತಾರೆ, ಚಿಕ್ಕಮ್ಮ ಎಂದು. ಬಾಯಿತುಂಬ ಕರೆದರಾಯಿತು, ಪಗಾರದ ವಿಷಯ ಬೇರೆ.

ಆಷಾಢ ಬಂತೆಂದರೆ ಪುಣೆಯ ಬೀದಿಗಳು ವಿಠ್ಠಲನವು. ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ, ದೇಹುವಿನಿಂದ ತುಕಾರಾಮರ ಪಾಲಖಿ ಹೊರಟು ಪುಣೆಗೆ ಬಂದು ತಂಗುತ್ತವೆ. ಇಲ್ಲಿಂದ ಪಂಢರಪುರಕ್ಕೆ ನಡೆದೇ ಹೋಗುವ ಲಕ್ಷಾಂತರ ವಾರಕರಿಗಳಲ್ಲಿ ನಮ್ಮ ಕಡೆಯವರೂ ಇರುತ್ತಾರೆ. ಇತ್ತೀಚೆಗೆ ಐಟಿ, ಕಾರ್ಖಾನೆಗಳ ಮಂದಿಯೂ ಗುಂಪು ಕಟ್ಟಿಕೊಂಡು ಒಂದು ದಿನದ ಮಟ್ಟಿಗೆ ಆಳಂದಿಯಿಂದ ಪುಣೆಗೆ ನಡೆಯುವುದು ರೂಢಿಯಾಗಿದೆ. ಮೂರು ವರ್ಷದ ಹಿಂದೆ ನಾನೂ ನಡೆದೆ. 20 ಕಿಲೋಮೀಟರಿಗೂ ಹೆಚ್ಚು ದಾರಿ. ಒಂದೇ ಬಣ್ಣದ ಟೀ ಶರ್ಟು, ಹಣೆಗೆ ಬುಕ್ಕಾ, ಕಾಲಿಗೆ ಬೆಲೆಬಾಳುವ ಬೂಟು. ಕಣ್ಣಲ್ಲಿ ನೀರು ಬಂದದ್ದು ನಿಜ. ಫೋಟೊ ಹಾಕಿದ್ದೂ ನಿಜ.

ಅದೇ ವಾರ ಮಾವಶಿ ನಾಲ್ಕು ದಿನ ರಜೆ ಕೇಳಿದ್ದಳು. ಪುಣೆಯಿಂದ ದಿವೆ ಘಾಟು ಹತ್ತಿ ಸಾಸವಡ, ಅಲ್ಲಿಂದ ಜೇಜೂರಿಯವರೆಗೆ ಪಾಲಖಿಯ ಜೊತೆ ನಡೆಯಬೇಕೆಂದು. ನಮ್ಮ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗದ್ದಲ ಎದ್ದಿತು. ಮಳೆಗಾಲ, ಬಟ್ಟೆ ಒಣಗುವುದಿಲ್ಲ, ಎಲ್ಲರ ಮಾವಶಿಯರೂ ಒಟ್ಟಿಗೇ ರಜೆ ಹಾಕಿದರೆ ಹೇಗೆ, ಎರಡು ದಿನಕ್ಕಿಂತ ಹೆಚ್ಚಾದರೆ ಪಗಾರ ಕತ್ತರಿಸೋಣ ಎಂದು ಒಬ್ಬರು ಸೂಚಿಸಿದರು. ಆ ಸೂಚನೆಗೆ ಹೆಬ್ಬೆರಳು ಒತ್ತಿದವರಲ್ಲಿ ನಾನೂ ಒಬ್ಬ. ನನ್ನ ವಾರಿ ಭಕ್ತಿ, ಅವಳದು ಗೈರುಹಾಜರಿ. ಮಾವಶಿ ಎರಡೇ ದಿನ ಹೋಗಿ ಸಾಸವಡದಿಂದ ಬಸ್ಸು ಹತ್ತಿ ವಾಪಸು ಬಂದಳು. ನಮ್ಮ ದೇವರ ಪಾತ್ರೆಗಳನ್ನು ಆಗಾಗ ತೊಳೆಯುತ್ತಿದ್ದವಳೂ ಅವಳೇ.

ಈ ನಾಡಿನಲ್ಲಿ ಏಳು ಶತಮಾನದ ಹಿಂದೆ ಜನಾಬಾಯಿ ಎಂಬ ಸಂತಳಿದ್ದಳು. ಗಂಗಾಖೇಡದಲ್ಲಿ ಹುಟ್ಟಿ, ಪಂಢರಪುರದ ನಾಮದೇವರ ಮನೆಯಲ್ಲಿ ದಾಸಿಯಾಗಿ ಬೆಳೆದವಳು. ಬೀಸುವುದು, ಕುಟ್ಟುವುದು, ನೀರು ಹೊರುವುದು, ಸಗಣಿ ಬಾಚುವುದು ಅವಳ ಪಾಲಿನ ಕೆಲಸ. ಮನೆಯವರೆಲ್ಲ ಭಜನೆಯಲ್ಲಿರುವಾಗ ಇವಳು ಬೀಸುಕಲ್ಲಿನ ಮುಂದೆ. ವಿಠ್ಠಲನೇ ಬಂದು ಅವಳ ಎದುರು ಕೂತು ಬೀಸಿದ, ನೀರು ತಂದ ಎಂಬ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ಹೆಂಡತಿ ಒಂದು ಭಾನುವಾರ ಪುಣೆಗೆ ಬರುವ ಬದಲು ಸೊಲ್ಲಾಪುರದಿಂದ ಬಸ್ಸು ಹಿಡಿದು ಪಂಢರಪುರಕ್ಕೆ ಹೋಗಿದ್ದಳು. ಪಕ್ಕದ ಗೋಪಾಳಪುರದಲ್ಲಿ ಜನಾಬಾಯಿಯದು ಎಂದು ತೋರಿಸುವ ಬೀಸುಕಲ್ಲನ್ನು ನೋಡಿ ಬಂದು ಅಂದೇ ರಾತ್ರಿ ಫೋನು ಮಾಡಿದಳು. ‘ದೇವರು ಆಕಿಗೆ, ನೀ ಇನ್ನೂ ಅರ್ಧಾ ತಾಸು ಲಗೂ ಏಳು ಅಂತ ಹೇಳ್ಲಿಲ್ಲ ನೋಡ್ರಿ’ ಅಂದಳು. ಕೂಟದಲ್ಲಿ ನಾನು ಮಾಡಿದ ಭಾಷಣ ಅವಳಿಗೆ ಚೆನ್ನಾಗಿ ನೆನಪಿದೆ ಎಂದಾಯಿತು.

ದೇವರಿಗೆ ಸಮಯ ಮಾಡಿಕೊಳ್ಳುವುದು ಹೇಗೆಂದು ಹೇಳುವವರಿಗೆ ಈಗ ಕೊರತೆಯಿಲ್ಲ. ಪುಸ್ತಕಗಳಿವೆ, ಬೆಳಗಿನ ವಿಡಿಯೊಗಳಿವೆ, ಪೂಜಾ ಸಾಮಗ್ರಿಯ ಸಿದ್ಧ ಪೊಟ್ಟಣವನ್ನು ಹತ್ತು ನಿಮಿಷದಲ್ಲಿ ಬಾಗಿಲಿಗೆ ತಂದುಕೊಡುವ ಆ್ಯಪ್‌ಗಳಿವೆ. ತಂದುಕೊಡುವ ಹುಡುಗನ ಸಮಯ ಯಾರದೆಂದು ಅಲ್ಲಿಯೂ ಯಾರೂ ಕೇಳುವುದಿಲ್ಲ. ಬೇಗ ಏಳಿ ಎಂಬ ಸಲಹೆ ಕೆಟ್ಟದ್ದೇನಲ್ಲ. ಆದರೆ ನೀವು ಬೇಗ ಎದ್ದರೆ ನಿಮಗಿಂತ ಬೇಗ ಇನ್ನಾರು ಏಳಬೇಕಾಗುತ್ತದೆ ಎಂದು ಸಲಹೆ ಕೊಡುವವರು ಮೊದಲು ಕೇಳಬೇಕು. ಯಾರೂ ಏಳಬೇಕಿಲ್ಲ ಎಂದಾದರೆ, ಧಾರಾಳವಾಗಿ ನಾಲ್ಕಕ್ಕೆ ಎದ್ದು ಎರಡು ಗಂಟೆ ಪೂಜೆ ಮಾಡಿ, ಅದರಂಥ ಸುಖವಿಲ್ಲ.

ಈಗ ನಮ್ಮ ಮನೆಯಲ್ಲಿ ವಾರದ ದಿನಗಳ ಪೂಜೆ 25 ನಿಮಿಷದ್ದು, ಪಾತ್ರೆ ತೊಳೆಯುವುದೂ ಸೇರಿ. ಹನ್ನೊಂದು ಪಾತ್ರೆಗಳಿದ್ದವು, ನಾಲ್ಕಕ್ಕೆ ಇಳಿಸಿದ್ದೇನೆ. ಹೂವು ತಂದ ದಿನ ಹೂವು, ಇಲ್ಲದ ದಿನ ಬಾಲ್ಕನಿಯ ಕುಂಡದ ತುಳಸಿ. ನೈವೇದ್ಯಕ್ಕೆ ಹಾಲು ಸಕ್ಕರೆ. ಈಗ ಚಾತುರ್ಮಾಸ್ಯದ ಕ್ಷೀರವ್ರತ, ಹಾಲೂ ಕೂಡದು, ಹಾಗಾಗಿ ಒಣದ್ರಾಕ್ಷಿ. ಅನ್ನದ ನೈವೇದ್ಯ ಭಾನುವಾರ ಮಾತ್ರ, ಅಡುಗೆ ನನ್ನದು ಮತ್ತು ಮಗಳದು. ಇದು ಸರಿಯೇ ಎಂಬ ಅಳುಕು ಇತ್ತು. ನಮ್ಮ ಮನೆಯ ಶ್ರಾದ್ಧಕ್ಕೆ ಬರುವ ವಯಸ್ಸಾದ ಆಚಾರ್ಯರನ್ನು ಕೇಳಿದೆ. ಅವರು ಶಾಸ್ತ್ರಚರ್ಚೆಗೆ ಹೋಗಲೇ ಇಲ್ಲ. ‘ಸಂಕಲ್ಪದಾಗ ಯಥಾಶಕ್ತಿ ಅಂತ ದಿನಾ ಹೇಳ್ತೀಯಲ್ಲ, ಮತ್ತೇನು’ ಎಂದರು. ಹೌದು, ದಿನಾ ಹೇಳುತ್ತಿದ್ದೆ. ಯಾರ ಶಕ್ತಿ ಎಂದು ಯೋಚಿಸಿರಲಿಲ್ಲ. ಮಾವಶಿ ಈ ವರ್ಷ ಜೇಜೂರಿಯವರೆಗೆ ನಡೆದು ಬಂದಳು, ಪಗಾರ ಕತ್ತರಿಸಲಿಲ್ಲ. ನಾಲ್ಕು ದಿನ ಬಟ್ಟೆ ಒಣಗದ್ದೂ ನಿಜ.

ಹೋದ ಅಕ್ಟೋಬರಿನ ಒಂದು ಭಾನುವಾರ ಹೆಂಡತಿ ಮನೆಯಲ್ಲಿದ್ದಳು. ಸ್ನಾನ ಮಾಡಿ ಅಭ್ಯಾಸಬಲದಿಂದ ಅಡುಗೆಮನೆಗೇ ಹೊರಟಳು. ಮಗಳು ಅವಳನ್ನು ತಂದು ದೇವರ ಮುಂದೆ ಗೋಡೆಗೊರಗಿಸಿ ಕೂರಿಸಿದಳು. ನನಗೋ ಪರೀಕ್ಷೆಗೆ ಕೂತಂತೆ. ಅಭಿಷೇಕವಾಯಿತು, ಗಂಧವಾಯಿತು, ನೈವೇದ್ಯವಾಯಿತು. ಆರತಿ ಮುಗಿಸಿ ತಟ್ಟೆ ಅವಳ ಮುಂದೆ ಹಿಡಿದೆ. ಕೈ ಬೆಚ್ಚಗೆ ಮಾಡಿ ಕಣ್ಣಿಗೆ ಒತ್ತಿಕೊಂಡು, ‘ಆರತಿ ಇಷ್ಟು ಹೊತ್ತು ಮಾಡ್ತೀರೇನು ನೀವು?’ ಎಂದು ಕೇಳಿದಳು. ತಮಾಷೆಗೆ ಕೇಳಿದ್ದಲ್ಲ. ಹದಿನೆಂಟು ವರ್ಷ ಅವಳು ಆ ಗಂಟೆಯನ್ನು ಅಡುಗೆಮನೆಯಿಂದ, ಕುಕ್ಕರಿನ ಸೀಟಿ ಎಣಿಸುತ್ತಾ ಕೇಳಿದ್ದಳು. ಕಡೆಯಲ್ಲಿ ಓಡಿ ಬಂದು ಕೈಮುಗಿದು ಮತ್ತೆ ಒಳಗೆ.

ಸೊಲ್ಲಾಪುರದ ಬಾಡಿಗೆ ಖೋಲಿಯಲ್ಲಿ ಅವಳದೊಂದು ವೆಂಕಟೇಶನ ಪಟ, ಒಂದು ಹಣತೆಯಂಥ ದೀಪ. ಬೆಳಿಗ್ಗೆ ಹದಿನೈದು ನಿಮಿಷ ಅದರ ಮುಂದೆ ಕೂರುತ್ತಾಳಂತೆ. ಆಮೇಲೆ ಮೆಸ್ಸಿನ ಡಬ್ಬಿ, ಬ್ಯಾಂಕಿನಲ್ಲಿ ಕನ್ನಡ ಮಾತಾಡುವ ಗಿರಾಕಿಗಳು. ಮುಂದಿನ ಜೂನ್‌ಗೆ ಎರಡು ವರ್ಷ ಮುಗಿಯುತ್ತದೆ. ‘ಪುಣೆಗೆ ಬಂದ ಮ್ಯಾಲ ಮತ್ತ 4.40ರ ಅಲಾರಂ ಅಂದ್ರ ನಾ ಇಲ್ಲೇ ಇನ್ನೊಂದೆರಡು ವರ್ಷ ಕೇಳ್ಕೊಂಡು ಇದ್ದಬಿಡ್ತೀನಿ’ ಎನ್ನುತ್ತಾಳೆ. ನಗುತ್ತಲೇ ಹೇಳುತ್ತಾಳೆ. ಆದರೆ ಎರಡನೇ ಸಲ ಹೇಳಿದಾಗ ನಗು ಕಡಿಮೆ ಇತ್ತು. ಅವಳು ಬಂದ ಮೇಲೂ ನಾನು ಹೀಗೆಯೇ ಇರುತ್ತೇನೆಂದು ಅವಳಿಗೆ ಪೂರ್ತಿ ನಂಬಿಕೆಯಿಲ್ಲ. ನನಗೂ ಇಲ್ಲ ಎನ್ನಿ. ಮನೆಯಲ್ಲಿ ಒಬ್ಬರು ಹೆಚ್ಚಾದ ತಕ್ಷಣ ಕೆಲಸ ತಾನಾಗಿ ಯಾರ ಕಡೆ ಜಾರುತ್ತದೆ ಎಂಬುದನ್ನು ಶಾಪ್‌ಫ್ಲೋರಿನಲ್ಲಿ ಎಷ್ಟು ಸಲ ನೋಡಿಲ್ಲ ನಾನು.

ಮುಂದಿನ ವಾರ ನವರಾತ್ರಿಗೆ ಅವ್ವ ಬರುತ್ತಿದ್ದಾಳೆ. ಒಂಬತ್ತು ದಿನ ನಂದಾದೀಪ, ಹಗಲೂ ರಾತ್ರಿ ಆರಬಾರದು. ರಾತ್ರಿ ಎದ್ದು ಎದ್ದು ಎಣ್ಣೆ ಹಾಕುವವರು ಯಾರು ಎಂಬ ಪ್ರಶ್ನೆಯೇ ನಮ್ಮ ಮನೆಯಲ್ಲಿ ಹಿಂದೆ ಎದ್ದಿರಲಿಲ್ಲ. ಈ ಸಲ ಪಾಳಿಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ರಾತ್ರಿ 11ಕ್ಕೆ ಮಗಳು, ಹೇಗೂ ಓದುತ್ತಿರುತ್ತಾಳೆ. 2ಕ್ಕೆ ನಾನು, 5ಕ್ಕೂ ನಾನೇ. ನಿನ್ನೆ ಫೋನಿನಲ್ಲಿ ಅವ್ವನಿಗೆ ಅದನ್ನು ಹೆಮ್ಮೆಯಿಂದ ಓದಿ ಹೇಳಿದೆ. ನೀನು ಈ ವರ್ಷ ಹಾಯಾಗಿ ಮಲಗು ಎಂದೆ.

‘ನನ್ನ ಹೆಸರ ಯಾಕ ಬಿಟ್ಟಿ?’ ಎಂದಳು. ದನಿಯಲ್ಲಿ ಬೇಜಾರಿತ್ತು.

ಐದರ ಪಾಳಿಯಲ್ಲಿ ನನ್ನ ಹೆಸರು ಹೊಡೆದು ಅವಳ ಹೆಸರು ಬರೆದಿದ್ದೇನೆ.